ಹೊಸ ರ್ಯಾಪ್ ಹುಡುಕೋಕೆ ಡಿಜೆ ಮಿಕ್ಸ್ ಸಾಕಾ, ಪೂರ್ತಿ ಆಲ್ಬಮ್ಮೇ ಬೇಕಾ?

ಟೇಪಿನ_ಸುರುಳಿ
ಆ್ಯಪ್ ತೋರಿಸೋ "ನಿಮಗೆ ಇಷ್ಟವಾಗಬಹುದು" ಪಟ್ಟಿ ಸಾಕಾಗಿ ಹೋಗಿದೆ. ಅಮೆರಿಕದ ರ್ಯಾಪರ್ ಕೆಂಡ್ರಿಕ್ ಲಮಾರ್ ಕೇಳಿದರೆ ಅಲ್ಲಿನ ಇನ್ನೊಬ್ಬ ರ್ಯಾಪರ್ ಜೆ. ಕೋಲ್ ಬರ್ತಾನೆ, ಜೆ. ಕೋಲ್ ಕೇಳಿದರೆ ಮತ್ತೆ ಕೆಂಡ್ರಿಕ್. ಗಾಣದೆತ್ತಿನ ಸುತ್ತು. ಹೊಸದು ಬೇಕಿದ್ದರೆ ಒಳ್ಳೇ ಡಿಜೆ ಬೇರೆ ಬೇರೆಯವರ ಹಾಡುಗಳನ್ನ ಒಂದಕ್ಕೊಂದು ಬೆಸೆದು ಜೋಡಿಸಿದ ಮಿಕ್ಸ್ ಆಲ್ಬಮ್ ಹಿಡೀರಿ ಅನ್ನೋದು ನನ್ನ ವಾದ. 2002ರಲ್ಲಿ ಬೆಲ್ಜಿಯಂನ ಅಣ್ಣ-ತಮ್ಮ, 2 ಮೆನಿ ಡಿಜೆಸ್, 'ಆ್ಯಸ್ ಹರ್ಡ್ ಆನ್ ರೇಡಿಯೋ ಸೋಲ್‌ವ್ಯಾಕ್ಸ್ ಪಾರ್ಟ್ 2' ಅಂತ ಒಂದು ಸಿಡಿ ತಂದರು. ಅದರಲ್ಲಿ ಸ್ಟೂಜಸ್ ಬ್ಯಾಂಡಿನ 1969ರ 'ನೋ ಫನ್' ಗಿಟಾರಿನ ಮೇಲೆ ಸಾಲ್ಟ್-ಎನ್-ಪೆಪಾ ಅವರ 'ಪುಶ್ ಇಟ್' ರ್ಯಾಪ್ ಕೂರಿಸಿದಾರೆ. ರಾಕ್ ಕೇಳೋರಿಗೆ ರ್ಯಾಪ್ ಸಿಕ್ತು, ರ್ಯಾಪ್ ಕೇಳೋರಿಗೆ ಸ್ಟೂಜಸ್ ಸಿಕ್ಕಿದರು. ಈ ಎರಡು ಹಾಡನ್ನ ಅಕ್ಕಪಕ್ಕ ಇಡೋ ಧೈರ್ಯ ಯಾವ ಆ್ಯಪ್‌ಗೂ ಇಲ್ಲ, ಯಾಕಂದ್ರೆ ಅದು ಹೋಲಿಕೆ ಹುಡುಕುತ್ತೆ. ಡಿಜೆ ಹುಡುಕೋದು ಹೊಂದಾಣಿಕೆ.

ಪದಕ್ಕೆ_ಪದ
ಡಾನ್ಸ್ ಸಂಗೀತಕ್ಕೆ ನಿಮ್ಮ ಮಾತು ಒಪ್ತೀನಿ, ರ್ಯಾಪ್‌ಗೆ ಒಪ್ಪಲ್ಲ. ರ್ಯಾಪ್‌ನಲ್ಲಿ ಮಾತೇ ಮುಖ್ಯ. ನ್ಯೂಯಾರ್ಕಿನ ರ್ಯಾಪರ್ ನಾಸ್‌ನ 'ಇಲ್‌ಮ್ಯಾಟಿಕ್' (1994) ಆಲ್ಬಮ್ ತಗೊಳ್ಳಿ, ನಲವತ್ತು ನಿಮಿಷದೊಳಗೆ ಮುಗಿಯುತ್ತೆ. ಅದರಲ್ಲಿ 'ಒನ್ ಲವ್' ಅಂತ ಹಾಡಿದೆ. ಮೊದಲೆರಡು ಚರಣ ಜೈಲಲ್ಲಿರೋ ಗೆಳೆಯರಿಗೆ ಬರೆದ ಪತ್ರಗಳು: ನಿನ್ನ ಮಗು ಹೇಗಿದೆ, ಬೀದೀಲಿ ಯಾರು ಯಾರ ಕಡೆ ಸೇರಿಕೊಂಡರು, ಎಲ್ಲಾ ಸುದ್ದಿ. ಮೂರನೇ ಚರಣಕ್ಕೆ ಪತ್ರ ನಿಂತು ಹೋಗುತ್ತೆ. ಎರಡು ದಿನ ಹೊರಗಿದ್ದು ತನ್ನ ಬಡಾವಣೆಗೆ ವಾಪಸ್ ಬಂದರೆ ಅಲ್ಲಿ ಇರೋದು ಹನ್ನೆರಡು ವರ್ಷದ ಒಬ್ಬ ಹುಡುಗ ಮಾತ್ರ, ಅದೂ ಸೇದೋಕೆ ಸುತ್ತುತಾ ಕೂತಿದಾನೆ. ಮುಂದಿನ ಪತ್ರ ಯಾರ ಹೆಸರಿಗೆ ಹೋಗಬಹುದು ಅಂತ ಕೇಳೋರಿಗೆ ಅಲ್ಲೇ ಗೊತ್ತಾಗುತ್ತೆ. ಡಿಜೆ ಒಂದು ಚರಣ ಹಾಕಿ ಮುಂದಿನ ಹಾಡಿಗೆ ಹಾರಿದರೆ ಆ ಹುಡುಗ ನಿಮಗೆ ಸಿಗೋದೇ ಇಲ್ಲ. ರ್ಯಾಪ್ ಶಿಫಾರಸು ಕೇಳಿದೋರಿಗೆ ನಾನು ಆಲ್ಬಮ್ ಹೆಸರು ಹೇಳ್ತೀನಿ, ಸಾಹಿತ್ಯ ಮುಂದಿಟ್ಕೊಂಡು ಕೇಳಿ ಅಂತೀನಿ.

ಹುಬ್ಬಳ್ಳಿ_ಬೀಟ್
ಪದಕ್ಕೆ_ಪದ ಅವ್ರ, ನೀವು ಹೇಳೂದು ಖರೆ ಐತಿ. ಆದ್ರ ನಂಗ ಮಾತು ಕೇಳಿಸಿದ್ದ ಒಬ್ಬ ಡಿಜೆ ಕಡಿಂದ. ಕನ್ನಡ ಮೀಡಿಯಂನ್ಯಾಗ ಓದಿದಾಂವ ನಾ. ಅಮೆರಿಕದವ್ರ ರ್ಯಾಪ್ ಹಚ್ಚಿದ್ರ ಬರೇ ಗದ್ದಲ ಕೇಳ್ತಿತ್ತು. ದೋಸ್ತ ಒಬ್ಬಾಂವ ಹ್ಯೂಸ್ಟನ್ನಿನ ಡಿಜೆ ಸ್ಕ್ರೂ ಟೇಪ್ ಕಳಿಸಿದ. ಹಾಡೆಲ್ಲಾ ನಿಧಾನ, ದನಿ ದಪ್ಪ, ಒಂದೊಂದು ಮಾತು ಬಿಡಿಬಿಡಿಯಾಗಿ ಬಂತು.

ಅಂವ ಮಾಡೂ ರೀತಿ ಕೇಳ್ರಿ. ಎರಡು ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸೂ ಯಂತ್ರ), ಎರಡರ ಮ್ಯಾಲೂ ಒಂದ ಹಾಡಿನ ರೆಕಾರ್ಡು, ಒಂದಕ್ಕಿಂತ ಇನ್ನೊಂದು ತಾಳದ ಒಂದು ಪೆಟ್ಟು ಹಿಂದ. ಯಾವ ರೆಕಾರ್ಡಿನ ದನಿ ಕೇಳಬೇಕು ಅಂತ ಬದಲಿಸೂ ನಡುವಿನ ಗುಂಡಿ, ಅಂದ್ರ ಫೇಡರ್, ಆ ಕಡಿಂದ ಈ ಕಡಿಗೆ ಸರಿಸಿದ್ರ ಈಗ ಮುಗಿದ ಮಾತು ಮತ್ತೊಮ್ಮೆ ಬರ್ತೈತಿ. ಅಂದ್ರ ಯಾವ ಮಾತು ಎರಡು ಸಲ ಕೇಳಬೇಕು ಅನ್ನೂದು ಅಂವ ಆರಿಸ್ತಿದ್ದ. ಆಮ್ಯಾಲ ಇಡೀ ಟೇಪಿನ ವೇಗ ಇಳಿಸ್ತಿದ್ದ. ಇದು ಮಾತು ಕತ್ತರಿಸೂದು ಅಲ್ಲರಿ, ಮಾತಿಗೆ ಗೆರಿ ಎಳದು ತೋರಿಸೂದು. ನಡುನಡುವ ಅವನ ಓಣಿ ಹುಡುಗೂರು ಬಂದು ಅಲ್ಲೇ ಕಟ್ಟಿ ಹಾಡತಿದ್ರು. 1996ರ 'ಜೂನ್ 27' ಟೇಪ್‌ನ್ಯಾಗ ಒಬ್ಬರ ಹುಟ್ಟುಹಬ್ಬಕ್ಕ ಒಂದ ಬೀಟ್ (ರ್ಯಾಪ್ ಹಿಂದ ನುಡಿಸೂ ಸಂಗೀತ) ಮ್ಯಾಲ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಹಾಡ್ಯಾರ. ಬಿಗ್ ಮೋ ಅನ್ನಾಂವನ ದನಿ ನಂಗ ಸಿಕ್ಕಿದ್ದ ಅದರಾಗ.

ಹ್ಯೂಸ್ಟನ್_ಕನ್ನಡತಿ
ನಮ್ಮೂರಿನ ಸ್ಕ್ರೂ ಹೆಸರು ಹುಬ್ಬಳ್ಳಿಯವರ ಬಾಯಲ್ಲಿ ಕೇಳಿ ತುಂಬಾ ಖುಷಿ ಆಯ್ತು! ಬೂದು ಬಣ್ಣದ ಕ್ಯಾಸೆಟ್‌ಗಳನ್ನ ಅವರು ಮೊದಲು ಮನೆಯಿಂದಲೇ ಮಾರ್ತಿದ್ದರು, 1998ರಲ್ಲಿ ಅದಕ್ಕೇ ಅಂತ ಅಂಗಡಿ ಇಟ್ಟರು. 2000ದ ನವೆಂಬರ್‌ನಲ್ಲಿ, 29ನೇ ವಯಸ್ಸಿಗೇ ತೀರಿಹೋದರು. ಅವರು ಬಳಸಿದ ರೆಕಾರ್ಡುಗಳನ್ನ ಯೂನಿವರ್ಸಿಟಿ ಆಫ್ ಹ್ಯೂಸ್ಟನ್ ಗ್ರಂಥಾಲಯ ಕಾಪಾಡಿ ಇಟ್ಟಿದೆ. ಟೆಕ್ಸಸ್‌ನಲ್ಲಿ ಕೂತು ಅವರು ಕ್ಯಾಲಿಫೋರ್ನಿಯಾದ ಹಾಡುಗಳನ್ನೂ ತಮ್ಮ ಟೇಪಿಗೆ ಹಾಕ್ತಿದ್ದರು ಅನ್ನೋದು ಇಲ್ಲಿ ಮುಖ್ಯ. ಬೇರೆ ಊರಿನ ಸಂಗೀತ ಇಲ್ಲಿನವರಿಗೆ ಸಿಕ್ಕಿದ್ದು ಹಾಗೆ.

ಒಂದು ವಿನಂತಿ. ಈಗ ಎಲ್ಲಾ ಹಾಡಿಗೂ 'ಸ್ಲೋಡ್' (ನಿಧಾನ ಮಾಡಿದ್ದು) ಅಂತ ಹಣೆಪಟ್ಟಿ ಹಚ್ಚಿ ಹಾಕ್ತಾರಲ್ಲ, ಅದನ್ನ ಸ್ಕ್ರೂ ಕೆಲಸದ ಜೊತೆ ಸೇರಿಸಬೇಡಿ. ಅಲ್ಲಿ ವೇಗ ಇಳಿದಿರುತ್ತೆ ಅಷ್ಟೇ, ಡಿಜೆಯ ಕೈಚಳಕ ಇರಲ್ಲ.

ಹಕ್ಕು_ಯಾರದು
ಎಲ್ಲಾ ಸರಿ, ಹಾಡು ಬರೆದೋರಿಗೆ ದುಡ್ಡು ಹೋಯ್ತಾ? ರ್ಯಾಪ್ ಮಿಕ್ಸ್‌ಟೇಪ್‌ಗಳಲ್ಲಿ (ಆಲ್ಬಮ್ ಅಲ್ಲದೆ ಡಿಜೆಗಳು ಜೋಡಿಸಿ ಹಂಚೋ ಹಾಡಿನ ಸಂಗ್ರಹ) ಮುಕ್ಕಾಲುಪಾಲು ಅನುಮತಿ ಇಲ್ಲದೆ ಬಂದಿದ್ದು. ಕೇಳೋರಿಗೆ ಅದು ಪರಿಚಯ, ಸರಿ. ಬೀಟ್ ಮಾಡಿದೋನಿಗೆ ನಷ್ಟ.

ಟೇಪಿನ_ಸುರುಳಿ
ಪ್ರಶ್ನೆ ನ್ಯಾಯವಾದದ್ದು, ಆದರೆ ಇತಿಹಾಸ ಅಷ್ಟು ನೇರ ಇಲ್ಲ. 2007ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಡಿಜೆ ಡ್ರಾಮಾ ಮತ್ತು ಡಾನ್ ಕ್ಯಾನನ್ ಅವರ ಸ್ಟುಡಿಯೋ ಮೇಲೆ ಪೊಲೀಸರು ದಾಳಿ ಮಾಡಿ ಸುಮಾರು 81,000 ಸಿಡಿ ಜಪ್ತಿ ಮಾಡಿದರು. ಪೊಲೀಸರ ಬೆನ್ನಿಗೆ ಇದ್ದದ್ದು ರೆಕಾರ್ಡ್ ಕಂಪನಿಗಳ ಸಂಘ. ಅದೇ ಕಂಪನಿಗಳ ಪ್ರಚಾರ ವಿಭಾಗದೋರು ಹೊಸ ಹುಡುಗರ ಹಾಡುಗಳನ್ನ ತಾವೇ ತಂದು ಇಂಥ ಡಿಜೆಗಳ ಕೈಗೆ ಕೊಡ್ತಿದ್ದರು! ರ್ಯಾಪರ್ ಲಿಲ್ ವೇಯ್ನ್ ಹೆಸರು ಆ ವರ್ಷಗಳಲ್ಲಿ ಅಷ್ಟು ಎತ್ತರಕ್ಕೆ ಹೋಗಿದ್ದರಲ್ಲಿ ಡ್ರಾಮಾ ಜೊತೆ ಮಾಡಿದ 'ಡೆಡಿಕೇಶನ್' ಮಿಕ್ಸ್‌ಟೇಪ್‌ಗಳ ಪಾಲು ದೊಡ್ಡದು. ಆಮೇಲೆ 2021ರಲ್ಲಿ 'ಟೈಲರ್, ದಿ ಕ್ರಿಯೇಟರ್' ಅನ್ನೋ ರ್ಯಾಪರ್ ತನ್ನ ಆಲ್ಬಮ್ ತುಂಬಾ ಅದೇ ಡ್ರಾಮಾ ಕೈಲಿ ಕೂಗು ಹಾಕಿಸಿ ಹಳೇ ಮಿಕ್ಸ್‌ಟೇಪ್ ಥರಾನೇ ಮಾಡಿದ. ಮರುವರ್ಷ ಅದಕ್ಕೆ ಅತ್ಯುತ್ತಮ ರ್ಯಾಪ್ ಆಲ್ಬಮ್ ಅಂತ ಗ್ರ್ಯಾಮಿ ಬಂತು.

ಹಕ್ಕು_ಯಾರದು
ಕಂಪನಿಗಳ ಇಬ್ಬಂದಿತನ ತೋರಿಸಿದಿರಿ. ಬೀಟ್ ಮಾಡಿದೋನ ಪ್ರಶ್ನೆ ಹಾಗೇ ಉಳೀತು.

ಬೆಳಗಿನ_ರೇಡಿಯೋ
ನಾನು ಉಲ್ಟಾ ದಾರೀಲಿ ಬಂದೋಳು. ಮ್ಯಾಡ್‌ಲಿಬ್ 2007ರಲ್ಲಿ ತಂದ 'ಬೀಟ್ ಕಂಡಕ್ಟ ಇನ್ ಇಂಡಿಯಾ' ಕೇಳಿ. ಕ್ಯಾಲಿಫೋರ್ನಿಯಾದ ಮನುಷ್ಯ ನಮ್ಮ ಹಿಂದಿ ಸಿನಿಮಾ ಸಂಗೀತದ ಚೂರುಗಳಿಂದ ಚಿಕ್ಕ ಚಿಕ್ಕ ಬೀಟ್ ಕಟ್ಟಿದಾರೆ. ಅಪ್ಪ ಹಾಕ್ತಿದ್ದಾಗ ಎದ್ದು ಹೋಗ್ತಿದ್ದ ಹಾಡುಗಳ ಡ್ರಮ್ಸ್ ಎಷ್ಟು ಗಟ್ಟಿ ಅಂತ ಗೊತ್ತಾಗಿದ್ದು ನನಗೆ ಅದರಿಂದ. ನಮ್ಮ ಕಡೆ ಬ್ರೋಧಾ ವಿ, ಎಂ.ಸಿ. ಬಿಜ್ಜು, ಆಲ್ ಓಕೆ, ರಾಹುಲ್ ಡಿಟ್ಟೋ ಥರದ ರ್ಯಾಪರ್‌ಗಳು ಇಷ್ಟೆಲ್ಲಾ ಮಾಡಿದಾರೆ. ಇವರನ್ನೆಲ್ಲ ಒಬ್ಬ ಒಳ್ಳೇ ಡಿಜೆ ಒಂದು ಗಂಟೆಗೆ ಕೂರಿಸಿದರೆ, ಹನುಮಾನ್‌ಕೈಂಡ್ ಅವರ ಹಾಡು 'ಬಿಗ್ ಡಾಗ್ಸ್' ಒಂದನ್ನೇ ಕೇಳಿ ಬೆಂಗಳೂರಿನ ರ್ಯಾಪ್ ಮುಗೀತು ಅಂದ್ಕೊಂಡೋರಿಗೆ ಬಾಗಿಲು ತೆಗೆಯುತ್ತೆ. ಯಾರಾದರೂ ಮಾಡಿ ದಯವಿಟ್ಟು.

ಪದಕ್ಕೆ_ಪದ
ಮಾಡೋದಾದರೆ ಒಂದು ಷರತ್ತು. ಎಷ್ಟನೇ ನಿಮಿಷಕ್ಕೆ ಯಾವ ಹಾಡು, ಬರೆದೋರು ಯಾರು, ಬೀಟ್ ಯಾರದು ಅಂತ ಪಟ್ಟಿ ಜೊತೆಗೇ ಇರಬೇಕು. ಪಟ್ಟಿ ಇಲ್ಲದ ಮಿಕ್ಸ್‌ನಲ್ಲಿ ಹೊಗಳಿಕೆ ಎಲ್ಲಾ ಡಿಜೆಗೆ ಹೋಗುತ್ತೆ, ಹಾಡಿದೋರು ಅನಾಮಿಕರಾಗ್ತಾರೆ. ಸ್ಕ್ರೂ ವಿಷಯದಲ್ಲಿ ಹುಬ್ಬಳ್ಳಿ_ಬೀಟ್ ಅವರ ಮಾತಿಗೆ ತೂಕ ಇದೆ. ಆದರೂ ಹೊಸಬರಿಗೆ ನನ್ನ ಮೊದಲ ಶಿಫಾರಸು ಆಲ್ಬಮ್ಮೇ.

ಹುಬ್ಬಳ್ಳಿ_ಬೀಟ್
ಪಟ್ಟಿ ನಾ ಬರೀತೇನ್ರಿ. ಬೆಳಗಿನ_ರೇಡಿಯೋ ಅವ್ರ, ಹಾಡು ನೀವು ಆರಿಸ್ರಿ. ಉತ್ತರ ಕರ್ನಾಟಕದ ಹುಡುಗೂರನ್ನೂ ಹಾಕ್ರಿ ಮತ್ತ, ಬರೇ ಬೆಂಗಳೂರು ಬ್ಯಾಡ. ಬಳಸೂಕಿಂತ ಮೊದಲ ಎಲ್ಲಾರಿಗೂ ಮೆಸೇಜ್ ಮಾಡಿ ಕೇಳೂಣು, ಹಕ್ಕಿನ ಪ್ರಶ್ನೆಗೂ ಅಷ್ಟು ಮಟ್ಟಿಗೆ ಉತ್ತರ ಸಿಕ್ಕಂಗ ಆಕ್ಕತಿ.