ಪದಚರ್ಚೆ: ‘ಸ್ಟ್ರೋಕ್’ಗೆ ಲಕ್ವ ಅನ್ನಲೋ, ಪಾರ್ಶ್ವವಾಯು ಅನ್ನಲೋ?

ಎಲ್ಲರಿಗೂ ನಮಸ್ಕಾರ.

ನಾನು ಔಷಧಿ ಚೀಟಿ ಬರೆಯುವವನು, ಭಾಷೆ ಓದಿಕೊಂಡವನಲ್ಲ. ಈಗ ಒಂದು ಪುಸ್ತಕಕ್ಕೆ ಕೈ ಹಾಕಿದ್ದೇನೆ. ಸ್ಟ್ರೋಕ್ ಬಗ್ಗೆ, ಅಂದರೆ ಮಿದುಳಿನ ರಕ್ತನಾಳ ಕಟ್ಟಿಕೊಂಡೋ ಒಡೆದೋ ಬರುವ ಕಾಯಿಲೆಯ ಬಗ್ಗೆ, ಮನೆಮಂದಿ ಓದುವಂಥದ್ದು, ನೂರು ಪುಟದೊಳಗೆ. ಅಧ್ಯಾಯಗಳ ಪಟ್ಟಿ ಒಂದೇ ಸಂಜೆಯಲ್ಲಿ ಆಯಿತು. ಆಮೇಲೆ ಎರಡು ತಿಂಗಳಿಂದ ಕಾಯಿಲೆಯ ಹೆಸರಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲು ‘ಪಾರ್ಶ್ವವಾಯು’ ಅಂತಲೇ ಬರೆದಿದ್ದೆ. ಪತ್ರಿಕೆಗಳಲ್ಲೂ ಅದೇ ಬರುತ್ತದಲ್ಲ. ಕರಡನ್ನು ನಮ್ಮ ಕ್ಲಿನಿಕ್ ಗುಡಿಸುವ ಅಮ್ಮನಿಗೆ ಓದಿ ಹೇಳಿದೆ. ಎರಡು ಪುಟ ಸುಮ್ನೆ ಕೇಳಿಸಿಕೊಂಡು, "ಸಾರ್, ವಾಯು ಅಂದ್ರೆ ಗ್ಯಾಸ್ ತಾನೆ? ಬೆಳ್ಳುಳ್ಳಿ ಸುಟ್ಟು ತಿಂದ್ರೆ ಹೋಗಲ್ವಾ?" ಅಂದರು. ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಆಯುರ್ವೇದದ ವಾತದ ಲೆಕ್ಕವೇ ಬೇರೆ ಇರಬಹುದು. ಕೇಳುವವರ ಕಿವಿಗೆ ಮಾತ್ರ ವಾಯು ಅಂದರೆ ಹೊಟ್ಟೆಯದೇ.

ಸರಿ, ಹಾಗಾದರೆ ‘ಲಕ್ವ’. ಇದು ಎಲ್ಲರ ಬಾಯಲ್ಲೂ ಇದೆ. "ಲಕ್ವ ಹೊಡೀತು" ಅಂತೀವಿ. ಇಂಗ್ಲಿಷಿನ ಸ್ಟ್ರೋಕ್ ಕೂಡ ಹೊಡೆತವೇ ಅಲ್ವಾ? ಪದದ ಬೇರು ಅರಬ್ಬಿ. ಅಲ್ಲಿ ಅದರ ಅರ್ಥ ಮುಖ ಒಂದು ಕಡೆಗೆ ಸೊಟ್ಟಗಾಗುವ ಕಾಯಿಲೆ, ಅಷ್ಟೇ. ಕೈಕಾಲು ಬಿದ್ದುಹೋಗುವುದು ಆಮೇಲೆ ಸೇರಿಕೊಂಡ ಅರ್ಥ.

ನನ್ನ ತೊಂದರೆ ಇರುವುದೇ ಇಲ್ಲಿ. ಆ ಹಳೆಯ ಅರ್ಥ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕಿವಿಯ ಬಳಿ ಹಾದು ಬರುವ ಮುಖದ ನರ ಊದಿಕೊಂಡರೆ ಬಾಯಿ ಸೊಟ್ಟಗಾಗುತ್ತದೆ, ಆ ಕಡೆಯ ಕಣ್ಣು ಮುಚ್ಚಲು ಆಗುವುದಿಲ್ಲ. ನಾವು ‘ಬೆಲ್ಸ್ ಪಾಲ್ಸಿ’ ಅನ್ನುತ್ತೇವೆ. ಮಿದುಳಿಗೂ ಇದಕ್ಕೂ ಸಂಬಂಧವಿಲ್ಲ. ಹೆಚ್ಚಿನವರಿಗೆ ಕೆಲವು ವಾರ, ಇಲ್ಲವೇ ಕೆಲವು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಊರಿನವರಿಗೆ ಇದೂ ಲಕ್ವವೇ. ಎಣ್ಣೆ ತಿಕ್ಕಿದವರಿಗೆ, ಪಾರಿವಾಳದ ರಕ್ತ ಸವರಿದವರಿಗೆ ‘ಲಕ್ವ ವಾಸಿ ಮಾಡ್ತಾರೆ’ ಅಂತ ಹೆಸರು ಬಂದದ್ದರಲ್ಲಿ ಈ ಗೊಂದಲದ ಪಾಲು ಜಾಸ್ತಿ ಅಂತ ನನ್ನ ಗುಮಾನಿ.

ಇನ್ನು ಉಲ್ಟಾ ಕಡೆಯಿಂದ ನೋಡಿ. ಒಬ್ಬ ನಿವೃತ್ತ ಮೇಷ್ಟ್ರು, ರಾತ್ರಿ ಊಟಕ್ಕೆ ಕೂತಾಗ ನೀರು ಕೇಳಲು ಹೋಗಿ "ಚಪ್ಪಲಿ ಕೊಡು" ಅಂದರಂತೆ. ಮತ್ತೆ ಕೇಳಿದರೂ ಚಪ್ಪಲಿ. ಮೊಮ್ಮಕ್ಕಳು ನಕ್ಕವು. ಹೆಂಡತಿಗೆ ಅನುಮಾನ ಬಂದು ಕೈ ಎತ್ತಿಸಿ ನೋಡಿದರು. ಎರಡೂ ಕೈ ಎದ್ದವು. "ಲಕ್ವ ಅಲ್ಲ ಬಿಡು" ಅಂತ ಮಲಗಿಸಿದರು. ಅದು ಸ್ಟ್ರೋಕೇ, ಕೈಕಾಲು ಬಿಟ್ಟು ಮಾತಿಗೆ ಮಾತ್ರ ಹೊಡೆದಿತ್ತು. ನನ್ನ ಹತ್ತಿರ ಬಂದಾಗ ಮರುದಿನ ಬೆಳಗ್ಗೆ ಹತ್ತು ಗಂಟೆ. ರಕ್ತನಾಳದಲ್ಲಿ ಕಟ್ಟಿಕೊಂಡ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ತೊಂದರೆ ಶುರುವಾದಾಗಿನಿಂದ ನಾಲ್ಕೂವರೆ ತಾಸಿನ ಗಡುವು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಯಾಕೆಂದರೆ ಮಿದುಳಿನೊಳಗೆ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಕುತ್ತಾಗುತ್ತದೆ. ಆ ಮನೆಯವರು ತಪ್ಪು ಮಾಡಲಿಲ್ಲ. ಅವರ ಹತ್ತಿರ ಇದ್ದ ಪದ ಕೈಕಾಲು ನೋಡು ಅಂದಿತು, ನೋಡಿದರು.

‘ಮಿದುಳಾಘಾತ’ ಒಂದಿದೆ. ‘ಹೃದಯಾಘಾತ’ದ ಜೊತೆಗೆ ಚೆನ್ನಾಗಿ ಕೂರುತ್ತದೆ. ನನಗೂ ಇಷ್ಟವಾಗಿತ್ತು. ಅಣ್ಣನ ಮಗ ಕೇಳಿದ, "ಬೈಕಿಂದ ಬಿದ್ದು ತಲೆಗೆ ಪೆಟ್ಟಾಗುತ್ತಲ್ಲ, ಅದಾ?" ಅಂತ. ಸುಮ್ಮನೆ ‘ಸ್ಟ್ರೋಕ್’ ಅಂತಲೇ ಇಟ್ಟರೆ, ಬಹಳ ಜನ ಎದೆ ಮುಟ್ಟಿ ತೋರಿಸುತ್ತಾರೆ.

ಇನ್ನೊಂದು ಇದಕ್ಕಿಂತ ಕಷ್ಟದ್ದು. ಇದ್ದಕ್ಕಿದ್ದ ಹಾಗೆ ಒಂದು ಕೈ ಸೋತು ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಮಿದುಳಿನ ಒಂದು ಭಾಗಕ್ಕೆ ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದಾಗ ಹೀಗಾಗುತ್ತದೆ, ನಾವು ‘ಟಿ.ಐ.ಎ.’ ಅನ್ನುತ್ತೇವೆ. ಅದಾದ ಮೊದಲ ಎರಡು ದಿನದಲ್ಲೇ ದೊಡ್ಡ ಹೊಡೆತ ಬೀಳುವ ಅಪಾಯ ಜಾಸ್ತಿ. ನಮ್ಮ ಜನ ಇದನ್ನು "ಜೋಮು ಹಿಡಿದಿತ್ತು, ಬಿಟ್ಟಿತು" ಅಂತಾರೆ. ಕಾಲು ಮಡಚಿ ಕೂತರೆ ಹಿಡಿಯುವ ಜೋಮಿಗೂ ಇದಕ್ಕೂ ಒಂದೇ ಪದವಾದರೆ ಯಾರು ಆಸ್ಪತ್ರೆಗೆ ಓಡುತ್ತಾರೆ ಹೇಳಿ? ಸದ್ಯಕ್ಕೆ ‘ಬಂದುಹೋದ ಲಕ್ವ’ ಅಂತ ಬರೆದುಕೊಂಡಿದ್ದೇನೆ. ಹೋಯಿತಲ್ಲ ಅಂತ ನೆಮ್ಮದಿ ಕೊಡುವ ಹಾಗೆ ಕೇಳುತ್ತದೆ, ಅದೇ ಬೇಡ.

ಹೊದಿಕೆ ಮೇಲೆ ‘ಲಕ್ವ’, ಒಳಗೆ ‘ಮಿದುಳಿನ ಹೊಡೆತ’ ಅಂತ ಯೋಚಿಸಿದ್ದೇನೆ. ಓದುವಾಗ ತಲೆಗೆ ಪೆಟ್ಟು ಬಿದ್ದ ಹಾಗೆ ಕೇಳುತ್ತದೆಯೇ? ಕರಾವಳಿ, ಕೊಡಗು, ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯ ಹಿರಿಯರು ಇದಕ್ಕೆ ಬೇರೆ ಏನಾದರೂ ಅನ್ನುತ್ತಾರಾ? ಮುಖ್ಯವಾಗಿ, ಕೈಕಾಲು ನೆಟ್ಟಗಿದ್ದು ಮಾತು ಮಾತ್ರ ತಪ್ಪಿದಾಗ? ನಿಘಂಟಿನ ಪದ ಬೇಡ, ಅಡುಗೆಮನೆಯಲ್ಲಿ ಆಡುವ ಪದ ಸಾಕು.