ಸಹಾಯ ಬೇಕು: ವಿಶ್ವೇಶ್ವರಯ್ಯನವರ ಸಹಿ ಇರುವ ಪತ್ರ

ಎಲ್ಲರಿಗೂ ನಮಸ್ಕಾರ. ತಾತನ ಟ್ರಂಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪತ್ರ ಸಿಕ್ಕಿದೆ, 1938ರದ್ದು. ಟೈಪ್ ಮಾಡಿದ ನಾಲ್ಕೇ ಸಾಲು, ಕೆಳಗೆ ಶಾಯಿಯಲ್ಲಿ ಸಹಿ. ಲೆನ್ಸ್ ಹಿಡಿದು ನೋಡಿದೆ. ಗೆರೆಗಳು ಒಂದರ ಮೇಲೊಂದು ಹಾದಿರುವ ಕಡೆ ಶಾಯಿ ಜಾಸ್ತಿ ದಟ್ಟವಾಗಿದೆ, ನಿಬ್ಬು ಒತ್ತಿದ ಗುರುತು ಹಿಂದುಗಡೆಯೂ ಕಾಣುತ್ತದೆ. ರಬ್ಬರ್ ಸ್ಟಾಂಪ್ ಅಂತೂ ಅಲ್ಲ ಅನ್ನಿಸುತ್ತದೆ. ಹೋಲಿಸಿ ನೋಡಲು ಆ ಕಾಲದ ಅವರ ಸಹಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಫೋಟೋ ಹಾಕಿ.

ಅಮೆರಿಕದ ಸಂಗ್ರಾಹಕರೊಬ್ಬರು ಕೊಳ್ಳಲು ಕೇಳುತ್ತಿದ್ದಾರೆ. ಆದರೆ 75 ವರ್ಷ ದಾಟಿದ, ಚರಿತ್ರೆಯ ಮಹತ್ವವಿರುವ ಕಾಗದಪತ್ರಗಳು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುಗಳು. ಸುಮ್ನೆ ಕೊರಿಯರ್ ಮಾಡಿ ಹೊರದೇಶಕ್ಕೆ ಕಳಿಸುವಂತಿಲ್ಲ, ಅಲ್ವಾ? ನನಗೂ ಅದು ನಮ್ಮ ನಾಡಲ್ಲೇ ಉಳಿಯಲಿ ಅನ್ನುವ ಆಸೆ. ಬೆಂಗಳೂರಿನಲ್ಲಿ ನ್ಯಾಯವಾದ ಬೆಲೆ ಕಟ್ಟುವವರು ಗೊತ್ತಿದ್ದರೆ ತಿಳಿಸಿ. ಮಡಿಕೆಯಲ್ಲಿ ಕಾಗದ ಸೀಳುತ್ತಿದೆ. ಲ್ಯಾಮಿನೇಷನ್ ಮಾಡಿಸೋಕೆ ನಾನು ಬಿಟ್ಟಿಲ್ಲ. ಹೇಗೆ ಜೋಪಾನ ಮಾಡಲಿ?