ಸ್ಕ್ಯಾನ್ ಟು ಇಮೇಲ್ ಹೋಗ್ತಿಲ್ಲ, ಪಾಸ್‌ವರ್ಡ್ ಸರಿಯಾಗೇ ಇದೆ!

ದಾವಣಗೆರೆ_ಡೆಸ್ಕ್:
ಆಫೀಸಿನ ದೊಡ್ಡ ಮಷೀನಿನಿಂದ ಸ್ಕ್ಯಾನ್ ಮಾಡಿದ್ದು ಮೇಲ್‌ಗೆ ಹೋಗುತ್ತಿಲ್ಲ. ಪ್ರಿಂಟ್ ಬರುತ್ತದೆ, ಕಾಪಿ ಬರುತ್ತದೆ, ಇದೊಂದೇ ಇಲ್ಲ. ಅದೇ ಪಾಸ್‌ವರ್ಡ್ ಕಂಪ್ಯೂಟರಿನಲ್ಲಿ ಹಾಕಿದರೆ ಮೇಲ್ ಓಪನ್ ಆಗುತ್ತದೆ. ಜಿಎಸ್‌ಟಿ ಕಟ್ಟುವ ವಾರ ಬೇರೆ, ಕ್ಲೈಂಟ್‌ಗಳು ತಲೆ ತಿನ್ನುತ್ತಿದ್ದಾರೆ. ಸರ್ವಿಸ್‌ನವನು ನೆಟ್‌ನವರನ್ನು ಕೇಳಿ ಅಂತಾನೆ, ನೆಟ್‌ನವನು ಮಷೀನ್‌ನವರನ್ನು ಕೇಳಿ ಅಂತಾನೆ.

ಕೇಬಲ್_ಕಾಕಾ:
ಪೋರ್ಟ್ (ಮೇಲ್ ಹೊರಗೆ ಹೋಗುವ ಬಾಗಿಲಿನ ನಂಬರ್) 25 ಇರಬೇಕು ನೋಡಿ. ಸ್ಪ್ಯಾಮ್ ಕಾಟಕ್ಕೆ ಎಷ್ಟೋ ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿರುತ್ತವೆ. 587 ಹಾಕಿ, ಮುಗೀತು.

ಮಲೆನಾಡ್_ಮೋಡೆಮ್:
ಯಾವ ಮೇಲ್? ಯಾವ ಮಷೀನ್? ಎರರ್ ಏನು ಬರುತ್ತದೆ?

ದಾವಣಗೆರೆ_ಡೆಸ್ಕ್:
ಮಾಮೂಲಿ ಜಿಮೇಲ್ ಸಾರ್. 587 ಮೊದಲಿಂದಲೂ ಇದೆ. 535 ಅಂತ ಏನೋ ಬರುತ್ತದೆ.

ಕೇಬಲ್_ಕಾಕಾ:
ಹಾಗಾದರೆ 465 ಹಾಕಿ. ರೂಟರ್ ಫೈರ್‌ವಾಲೂ ಒಮ್ಮೆ ನೋಡಿ.

ಮಲೆನಾಡ್_ಮೋಡೆಮ್:
ಕಾಕಾ, ಪೋರ್ಟ್ ಬಿಡಿ. 535 ಅಂದರೆ ಮಷೀನು ಸರ್ವರ್ ತನಕ ಹೋಗಿದೆ, ಲಾಗಿನ್ ಮಾತ್ರ ಒಪ್ಪಿಲ್ಲ. ಪೋರ್ಟ್ ಮುಚ್ಚಿದ್ದರೆ ಟೈಮ್‌ಔಟ್ ಆಗುತ್ತಿತ್ತು. ಇಂಥ ಮಷೀನ್‌ಗಳಿಗೆ ಮಾಮೂಲಿ ಪಾಸ್‌ವರ್ಡ್ ನಡೆಯೋದನ್ನು ಜಿಮೇಲ್ 2022ರ ಮೇ ಕೊನೆಗೆ ನಿಲ್ಲಿಸಿತು. ಆಪ್ ಪಾಸ್‌ವರ್ಡ್, ಅಂದರೆ ಇಂಥ ಮಷೀನಿಗೆಂದೇ ಗೂಗಲ್ ಮಾಡಿಕೊಡುವ ಬೇರೆ ಪಾಸ್‌ವರ್ಡ್, ಬೇಕು.

ದಾವಣಗೆರೆ_ಡೆಸ್ಕ್:
2022 ಯಾವ ಕಾಲದ್ದು! ಹೋದ ವಾರದವರೆಗೂ ಚೆನ್ನಾಗಿ ಹೋಗುತ್ತಿತ್ತು. ಸಾಹೇಬರು ಪಾಸ್‌ವರ್ಡ್ ಬದಲಾಯಿಸಿದರು, ನಾನೂ ಮಷೀನಿನಲ್ಲಿ ಹೊಸದೇ ಹಾಕಿದೆ. ಈಗ 465 ಹಾಕಿದ ಮೇಲಂತೂ ಎರರೂ ಇಲ್ಲ, ಸುಮ್ನೆ ತಿರುಗುತ್ತಲೇ ಇದೆ.

ಮಲೆನಾಡ್_ಮೋಡೆಮ್:
ಇದನ್ನು ಮೊದಲೇ ಹೇಳಬಾರದಾ! ಮಷೀನ್ ಕೂರಿಸಿದವರು ಆಗಲೇ ಆಪ್ ಪಾಸ್‌ವರ್ಡ್ ಹಾಕಿರುತ್ತಾರೆ. ಅಕೌಂಟಿನ ಪಾಸ್‌ವರ್ಡ್ ಬದಲಾದರೆ ಹಳೇ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಹೊಸದು ಮಾಡಿಕೊಳ್ಳಿ. ಟು-ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೊತೆ ಇನ್ನೊಂದು ತಪಾಸಣೆ) ಆನ್ ಇಲ್ಲದಿದ್ದರೆ ಆ ಆಯ್ಕೆಯೇ ಕಾಣುವುದಿಲ್ಲ. 16 ಅಕ್ಷರ ಬರುತ್ತದೆ, ನಡುವೆ ಸ್ಪೇಸ್ ಇಲ್ಲದೆ ಹೊಡೆಯಿರಿ. ಯೂಸರ್‌ನೇಮ್ ಅಂದರೆ ಪೂರ್ತಿ ಇಮೇಲ್ ವಿಳಾಸ. 587ಕ್ಕೇ ವಾಪಸ್ ಹೋಗಿ, ಎನ್‌ಕ್ರಿಪ್ಶನ್ (ಮೇಲ್ ಗುಪ್ತವಾಗಿ ಕಳಿಸುವ) ಸೆಟ್ಟಿಂಗ್‌ನಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಇಡಿ. 465ಕ್ಕೆ ಎಸ್‌ಎಸ್‌ಎಲ್ ಆರಿಸಬೇಕು, ನೀವು ಅದನ್ನು ಬದಲಾಯಿಸಿಲ್ಲ, ಅದಕ್ಕೇ ತಿರುಗುತ್ತಿದೆ.

ಕೇಬಲ್_ಕಾಕಾ:
465 ತಪ್ಪು ಅಂತ ಯಾರು ಹೇಳಿದ್ದು? ನಮ್ಮಲ್ಲಿ ಅದೇ ಓಡುತ್ತಿದೆ. ಅಷ್ಟಕ್ಕೂ ಈ ತಲೆನೋವೇ ನನಗಿಲ್ಲ. ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಕಳಿಸುವ ಸಾಫ್ಟ್‌ವೇರ್. ಮೂರು ಮಷೀನೂ ಅದಕ್ಕೇ ಕಳಿಸುತ್ತವೆ, ಪಾಸ್‌ವರ್ಡ್ ಒಂದೇ ಕಡೆ. ಯುಪಿಎಸ್ ಕೂಡ ಕೊಟ್ಟಿದ್ದೇನೆ.

ಮಲೆನಾಡ್_ಮೋಡೆಮ್:
ಆಡಿಟರ್ ಆಫೀಸಿಗೆ ಪೋಸ್ಟ್‌ಫಿಕ್ಸಾ ಕಾಕಾ? ನಾಳೆ ಅದು ಕೆಟ್ಟರೆ ನೀವು ಹೋಗಿ ರಿಪೇರಿ ಮಾಡ್ತೀರಾ?

ಟೋನರ್_ತಿಮ್ಮ:
ನಮ್ಮದೂ ಇದೇ ಗೋಳು, ಆದರೆ ಮಷೀನ್ ಹಳೇದು, ಟಿಎಲ್‌ಎಸ್ ಅನ್ನೋ ಎನ್‌ಕ್ರಿಪ್ಶನ್‌ನ ಹಳೇ 1.0 ಆವೃತ್ತಿ ಮಾತ್ರ ಬರುತ್ತದೆ. ಮೇಲ್ ಔಟ್‌ಲುಕ್. ಮಷೀನಿನ ಒಳಗಿನ ಸಾಫ್ಟ್‌ವೇರ್‌ಗೆ (ಫರ್ಮ್‌ವೇರ್) ಅಪ್‌ಡೇಟ್ ಸಿಗುತ್ತಿಲ್ಲ.

ಕೇಬಲ್_ಕಾಕಾ:
ತಿಮ್ಮ, ಟಿಎಲ್‌ಎಸ್ ಮಟ್ಟಿಗೆ ನಿಮಗೆ ಪೈ ಹೇಳಿ ಮಾಡಿಸಿದ್ದು. ಮಷೀನಿನಿಂದ ಪೈವರೆಗೆ ಹಳೇ ಟಿಎಲ್‌ಎಸ್ಸೇ ಇರಲಿ, ಹೊರಗೆ ಹೋಗುವಾಗ ಪೈ 1.2 ಹಾಕಿಕೊಳ್ಳುತ್ತದೆ. ಯಾವ ಮಾಡೆಲ್ ತಗೋಬೇಕು ಅಂತ ಆಮೇಲೆ ಬರೆಯುತ್ತೇನೆ.

ದಾವಣಗೆರೆ_ಡೆಸ್ಕ್:
ನನ್ನ ಪ್ರಶ್ನೆ ಎಲ್ಲಿ ಹೋಯಿತು ಸಾರ್? ಆಪ್ ಪಾಸ್‌ವರ್ಡ್ ಮಾಡಲು ಹೋದರೆ ಕೋಡ್ ಸಾಹೇಬರ ಫೋನಿಗೆ ಹೋಗುತ್ತಿದೆ. ಅವರು ಮಂತ್ರಾಲಯಕ್ಕೆ ಹೋಗಿದ್ದಾರೆ, ಫೋನ್ ಸ್ವಿಚ್‌ಆಫ್. ಸೋಮವಾರದವರೆಗೆ ಪೆನ್‌ಡ್ರೈವೇ ಗತಿ.